ಹಸಿರು ಗೋಡೆಯ ಮುಂದೆ ಹಸಿರು ಬಳೆ

ಹುಳದ ಮನೆಯೊಳಗೆ ಕ್ಯಾಮೆರಾ ಬಿಡುವುದಿಲ್ಲ ಎಂದು ಹೋದ ಊರಲ್ಲೆಲ್ಲ ಹೇಳಿಸಿಕೊಂಡು ಬಂದ ಮೇಲೆ ನಮ್ಮ ಮಾಲೀಕರು ಸ್ಟುಡಿಯೋದ ಹಿಂದಿನ ಗೋಡೆಗೆ ಹಸಿರು ಬಣ್ಣ ಬಳಿಸಿದರು. ನನ್ನ ಫಜೀತಿ ಅಲ್ಲಿಂದ ಶುರುವಾಯಿತು.

ಆಗ ರೇಷ್ಮೆಗೂಡಿಗೆ ಕಂಡು ಕೇಳರಿಯದ ಬೆಲೆ. ರಾಗಿ ಹೊಲದಲ್ಲಿ, ತೆಂಗಿನ ಸಾಲಿನ ನಡುವೆ, ಎಲ್ಲಿ ನೋಡಿದರೂ ಹಿಪ್ಪುನೇರಳೆ ಕಡ್ಡಿ ನೆಡುತ್ತಿದ್ದರು. ಕುರಿಮಂದೆ ಮಾರಿ ಹುಳದ ಮನೆ ಕಟ್ಟಿಸಿದವರೂ ಇದ್ದರು. ಹೊಸದಾಗಿ ಸಾಕಣೆಗೆ ಇಳಿದವರಿಗೆ ಮರಿಹುಳ ಮಾರುವ ಒಂದು ಚಾಕಿ ಕೇಂದ್ರದ ಯಜಮಾನರು, ಹುಳ ಸಾಕುವುದು ಹೇಗೆಂದು ತೋರಿಸುವ ವಿಡಿಯೋ ಬೇಕೆಂದು ರಾಮನಗರದ ನಮ್ಮ ಸ್ಟುಡಿಯೋಗೆ ಬಂದರು. ನಾನು ಅಲ್ಲಿ ಎಡಿಟರ್. ಮದುವೆ, ನಾಮಕರಣಗಳಲ್ಲಿ ಜನ ನಕ್ಕಿದ್ದನ್ನು ಉಳಿಸಿ ಆಕಳಿಸಿದ್ದನ್ನು ಕತ್ತರಿಸುವುದು ನನ್ನ ಕೆಲಸ. ಹುಟ್ಟೂರು ಮಾಗಡಿ. ಸ್ವಭಾವ ಹುಟ್ಟಾ ಪುಕ್ಕಲು. ಹಲ್ಲಿ ಲೊಚಗುಟ್ಟಿದರೆ ಎತ್ತಿದ ಕಾಲನ್ನು ಹಾಗೇ ಇಳಿಸುವವಳು ನಾನು.

ಹುಳದ ಮನೆಯವರ ಹೆದರಿಕೆ ಸುಮ್ಮನೆ ಅಲ್ಲ. ಹೊರಗಿನವರ ಕಾಲಿನಲ್ಲಿ ರೋಗ ಬರುತ್ತದೆ. ಸೆಂಟು ಹುಳಕ್ಕಾಗದು, ಊದುಬತ್ತಿ ಆಗದು, ನಮ್ಮ ಲೈಟುಗಳ ಕಾವಂತೂ ಆಗಲೇ ಆಗದು. ಮನೆಯವರೇ ಬಾಗಿಲಲ್ಲಿ ಬ್ಲೀಚಿಂಗ್ ಪುಡಿ ತುಳಿದು ಒಳಗೆ ಹೋಗುತ್ತಾರೆ. ಹಾಗಾಗಿ ಯಜಮಾನರು, ಮಾಲೀಕರು ಸೇರಿ ಒಂದು ದಾರಿ ಹುಡುಕಿದರು. ಒಳಗಿನ ದೃಶ್ಯವನ್ನು ಮನೆಯವರೇ ಮೊಬೈಲಿನಲ್ಲಿ ತೆಗೆದು ಕಳಿಸುವುದು, ಮಾತನಾಡುವವರನ್ನು ನಮ್ಮ ಹಸಿರು ಗೋಡೆಯ ಮುಂದೆ ನಿಲ್ಲಿಸಿ ಚಿತ್ರ ತೆಗೆಯುವುದು, ಆಮೇಲೆ ನಾನು ಕಂಪ್ಯೂಟರಿನಲ್ಲಿ ಹಸಿರನ್ನು ಅಳಿಸಿ ಆ ಜಾಗಕ್ಕೆ ಹುಳದ ಮನೆ ಕೂರಿಸುವುದು. ಹೀಗೆ ಅಳಿಸುವುದಕ್ಕೆ ನಮ್ಮಲ್ಲಿ ಕೀ ಮಾಡುವುದು ಅನ್ನುತ್ತಾರೆ.

ಮಾತನಾಡಲು ಯಜಮಾನರು ಆರಿಸಿದ್ದು ಬೈರಾಪಟ್ಟಣದ ಆಚೆಯ ಒಂದು ಹಳ್ಳಿಯ ಸೊಸೆಯನ್ನು. ಕನಕಪುರದ ಕಡೆಯ ಹುಡುಗಿ, ಮಾತು ಗಂಟೆ ಬಾರಿಸಿದ ಹಾಗೆ. ಏಳು ತಿಂಗಳ ಬಸುರಿ. ಜೊತೆಗೆ ಅವಳ ಅತ್ತೆ ಬಂದಿದ್ದರು. ಅವರು ಸ್ಟುಡಿಯೋದಲ್ಲಿ ಕೂತು ನಮ್ಮನ್ನೆಲ್ಲ ಒಂದು ಸುತ್ತು ನೋಡಿದ ರೀತಿಗೇ ನಾನು ಮಾಲೀಕರ ಬೆನ್ನ ಹಿಂದಕ್ಕೆ ಸರಿದೆ.

ಹಸಿರು ಸೀರೆ ಉಡಬೇಡಿ ಎಂದು ನಾನು ಮೊದಲೇ ಫೋನಿನಲ್ಲಿ ಹೇಳಿದ್ದೆ. ಅವಳು ನೀಲಿ ಅಂಚಿನ ಕೆಂಪು ಸೀರೆಯಲ್ಲಿ ಬಂದಳು. ಕುಪ್ಪಸವೂ ಕೆಂಪು. ಸರಿಯಾಗಿದೆ ಎಂದು ನಾನೇ ತಲೆಯಾಡಿಸಿದೆ. ಅದೇ ವಾರ ಬಳೆ ತೊಡಿಸುವ ಶಾಸ್ತ್ರ ಆಗಿತ್ತು. ಎರಡು ಮುಂಗೈ ತುಂಬ ಹಸಿರು ಗಾಜಿನ ಬಳೆ. ಅದನ್ನು ನಾನು ನೋಡಿದೆ, ಮಾಲೀಕರು ನೋಡಿದರು, ಯಜಮಾನರೂ ನೋಡಿದರು. ನಮ್ಮ ಕಡೆ ಬಸುರಿಯ ಕೈಯಲ್ಲಿ ಹಸಿರು ಬಳೆ ಇರುವುದು ಮುಖದಲ್ಲಿ ಮೂಗಿದ್ದಷ್ಟೇ ಸಹಜ. ಅದನ್ನು ಬಣ್ಣ ಎಂದು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಗೋಡೆಗೆ ಬೇರೆ ಲೈಟು, ಅವಳಿಗೆ ಬೇರೆ ಲೈಟು ಇಟ್ಟೆವು. ಗೋಡೆಯ ಮೇಲೆ ಒಂದು ಕಡೆ ಬೆಳಕು, ಒಂದು ಕಡೆ ಮಬ್ಬು ಇದ್ದರೆ ಕೀ ಕೆಡುತ್ತದೆ. ಗೋಡೆಗೆ ತೀರ ಹತ್ತಿರ ನಿಂತರೆ ಹಸಿರು ಬೆಳಕು ಕೆನ್ನೆಗೆ, ಕೂದಲಿಗೆ ಬಡಿದು ಅಂಟಿಕೊಳ್ಳುತ್ತದೆ. ಅದಕ್ಕೇ ಅವಳನ್ನು ಮುಂದಕ್ಕೆ ತಂದು, ನೆಲಕ್ಕೆ ಟೇಪು ಅಂಟಿಸಿ ಅದರ ಮೇಲೇ ನಿಲ್ಲಬೇಕೆಂದು ಹೇಳಿದೆ. ಮಾಲೀಕರಿಗೆ ಹೊಸ ಆಟಿಕೆಯನ್ನು ಮೆರೆಸುವ ಆಸೆ. ಚಿತ್ರ ತೆಗೆಯುತ್ತಿರುವಾಗಲೇ ಹಸಿರು ಅಳಿದು ಕಾಣುವ ಹಾಗೆ ಲ್ಯಾಪ್‌ಟಾಪಿಗೆ ದೊಡ್ಡ ಟಿವಿ ಜೋಡಿಸಿ, ಅತ್ತೆಯನ್ನು ಅದರ ಎದುರು ಕೂರಿಸಿದರು.

ಟಿವಿಯಲ್ಲಿ ಸೊಸೆ ಹುಳದ ತಟ್ಟೆಗಳ ಸಾಲಿನ ನಡುವೆ ನಿಂತಿದ್ದಳು. ಅತ್ತೆಯ ಮುಖ ಅರಳಿತು. ಆಗ ಸೊಸೆ, ಎಳೆಸೊಪ್ಪು ಬಲಿತ ಸೊಪ್ಪಿನ ವ್ಯತ್ಯಾಸ ಹೇಳಲು ಹಿಪ್ಪುನೇರಳೆ ಕೊಂಬೆ ಹಿಡಿದು ಕೈಯೆತ್ತಿದಳು. ಟಿವಿಯಲ್ಲಿ ಎಲೆ ಮಾಯವಾಗಿ ಬರೀ ಕಡ್ಡಿ ಉಳಿಯಿತು. ಅಂಗೈ ಒಂದು ಕಡೆ, ಮೊಣಕೈ ಒಂದು ಕಡೆ, ನಡುವೆ ಏನೂ ಇಲ್ಲ. ಮುಂಗೈ ಇರಬೇಕಾದ ಜಾಗದಲ್ಲಿ ಹಿಂದಿನ ತಟ್ಟೆಯ ಹುಳುಗಳು ಹರಿದಾಡುತ್ತಿದ್ದವು.

ಏನಾಯಿತೆಂದು ತಿಳಿಯದ ಸೊಸೆ ಕೈಯಾಡಿಸುತ್ತ ಮಾತು ಮುಂದುವರಿಸಿದಳು.

“ಕೈ ಎಲ್ಲೋಯ್ತು?” ಅತ್ತೆ ಮೆಲ್ಲಗೆ ಕೇಳಿದರು.

“ಅದು ಕಂಪ್ಯೂಟರ್ ಅಮ್ಮ, ಹಸಿರು ಕಂಡ್ರೆ ಅಳಿಸುತ್ತೆ. ಏನಿಲ್ಲ, ಒಂದೈದು ನಿಮಿಷ ಬಳೆ ತೆಗೆದಿಟ್ಟರೆ…” ಮಾಲೀಕರು ಅಷ್ಟಕ್ಕೆ ನಿಲ್ಲಿಸಿದರು. ಅತ್ತೆ ಎದ್ದು ನಿಂತಿದ್ದರು.

“ಮುತ್ತೈದೇರು ತೊಡ್ಸಿರೋ ಬಳೆ. ವೋದ್ಸಲ ಹೊಟ್ಟೇಲಿ ನಿಲ್ಲಲಿಲ್ಲ. ಈಗ ನಿಂತೈತೆ. ಯಾರ ಕೈಯಾಗಿನ ಬಳೆ ತಗೀ ಅಂತಿದೀರಿ ಅಂತ ಗೊತ್ತೈತಾ ನಿಮ್ಗೆ?”

ದನಿ ಏರಿರಲಿಲ್ಲ, ಅದೇ ಹೆಚ್ಚು ಹೆದರಿಸಿತು. “ಬಳೆ ತೆಗೆಯೋದು ಬೇಡ. ನಾನು ಉಳಿಸಿಕೊಡ್ತೀನಿ” ಎಂದುಬಿಟ್ಟೆ. ಧೈರ್ಯದಿಂದ ಆಡಿದ ಮಾತಲ್ಲ. ಆ ಗಳಿಗೆ ಕಳೆದರೆ ಸಾಕಿತ್ತು.

ಗೋಡೆಗೆ ನೀಲಿ ಬಟ್ಟೆ ಕಟ್ಟಿ ನೀಲಿಯನ್ನು ಅಳಿಸೋಣವೆಂದರೆ ಸೀರೆಯ ಅಂಚು ನೀಲಿ. ಬೇರೆ ಸೀರೆ ಉಟ್ಟು ಬರಲು ಅತ್ತೆ ಮತ್ತೆ ಕಳಿಸುತ್ತಾರೆಂಬ ನಂಬಿಕೆ ಯಾರಿಗೂ ಇರಲಿಲ್ಲ. ಕೊಂಬೆಯನ್ನು ಎತ್ತದೆ ಕೆಂಪು ಸೀರೆಯ ಮುಂದೆ ಹಿಡಿಯಲು ಹೇಳಿದೆ. ಟಿವಿ ಆರಿಸಿ ಅವತ್ತಿನ ಮಾತು ಮುಗಿಸಿದೆವು.

ಎಡಿಟಿಂಗಿಗೆ ಕೂತಾಗ ನನ್ನ ಮಾತಿನ ತೂಕ ನನಗೆ ತಿಳಿಯಿತು. ಕೀ ಮಾಡಿದ ಮೇಲೆ ಮ್ಯಾಟ್ ಎಂಬ ಕಪ್ಪು ಬಿಳುಪು ಚಿತ್ರ ಸಿಗುತ್ತದೆ. ಬಿಳಿ ಇದ್ದದ್ದು ಉಳಿಯುತ್ತದೆ, ಕಪ್ಪು ಇದ್ದದ್ದು ಹೋಗುತ್ತದೆ, ಬೂದು ಇದ್ದದ್ದು ಅತ್ತಲೂ ಇಲ್ಲ ಇತ್ತಲೂ ಇಲ್ಲ. ಹುಡುಗಿಯ ಮೈಯೆಲ್ಲ ಬೆಳ್ಳಗಿತ್ತು. ಮುಂಗೈ ಮಾತ್ರ ಇಲಿ ಕಚ್ಚಿದ ಬಟ್ಟೆಯ ಹಾಗೆ ತೂತು ತೂತು. ತೂತು ಮುಚ್ಚಲು ಹಿಡಿತ ಸಡಿಲಿಸಿದರೆ ಗೋಡೆಯ ಹಸಿರು ಕೂದಲ ಸುತ್ತ ಉಳಿಯಿತು. ಅದನ್ನು ತೆಗೆಯಲು ಬಿಗಿ ಮಾಡಿದರೆ ಕೈ ಹೋಯಿತು. ಕೆನ್ನೆಗೆ ಅಂಟಿದ ಹಸಿರನ್ನು ಇಳಿಸುವ ಇನ್ನೊಂದು ಗುಂಡಿ ಇದೆ. ಅದನ್ನು ತಿರುಗಿಸಿದರೆ ಕೆನ್ನೆ ಸರಿಹೋಗಿ, ಬಳೆ ಬೂದಿ ಬಣ್ಣಕ್ಕೆ ತಿರುಗಿತು. ಬೂದಿ ಬಣ್ಣದ ಬಳೆ ತೊಟ್ಟ ಬಸುರಿ ಪರದೆಯಿಂದ ನನ್ನನ್ನೇ ನೋಡುತ್ತಿದ್ದಳು. ಎದ್ದು ಹೋಗಿ ನೀರು ಕುಡಿದು ಬಂದೆ.

ಕೊನೆಗೆ ಎರಡು ಪದರ ಮಾಡಿದೆ. ಮೇಲಿನದರಲ್ಲಿ ಕೀ ಬಿಗಿಯಾಗಿರಲಿ, ಕೈ ಹೋದರೆ ಹೋಗಲಿ. ಕೆಳಗಿನದರಲ್ಲಿ ಏನೂ ಅಳಿಸದ ಮೂಲ ಚಿತ್ರ. ಅದರಲ್ಲಿ ಮುಂಗೈಯಷ್ಟನ್ನೇ ಗೆರೆ ಎಳೆದು ಕತ್ತರಿಸಿ ಉಳಿಸಿಕೊಳ್ಳುವುದು. ಈ ಗೆರೆಗೆ ಮಾಸ್ಕ್ ಎನ್ನುತ್ತಾರೆ. ಕೈ ಆಡಿದ ಹಾಗೆ ಮಾಸ್ಕನ್ನೂ ಒಂದೊಂದು ಚಿತ್ರಕ್ಕೂ ಸರಿಸುತ್ತ ಹೋಗಬೇಕು. ಅವಳೋ ಕೈಯಾಡಿಸದೆ ಮಾತಾಡುವವಳಲ್ಲ. ಕೈ ಎತ್ತಿದಾಗ ಬಳೆಗಳು ಜಾರಿ ಮೊಣಕೈ ಹತ್ತಿರ ಹೋಗುತ್ತಿದ್ದವು, ಇಳಿಸಿದಾಗ ಮಣಿಕಟ್ಟಿಗೆ ಬರುತ್ತಿದ್ದವು. ನಾನೂ ಗೆರೆ ಹಿಡಿದುಕೊಂಡು ಅವುಗಳ ಹಿಂದೆ ಮೇಲೆ ಕೆಳಗೆ ಓಡಾಡಿದೆ.

ಅಷ್ಟರಲ್ಲಿ ಅವಳ ಗಂಡ ಫೋನ್ ಮಾಡಿದ. “ಅಕ್ಕ, ನಮ್ಮವ್ವ ಸರ್ಯಾಗಿ ಉಣ್ತಿಲ್ಲ. ಟಿವಿನಾಗೆ ಸೊಸೆ ಕೈ ಇರ್ಲಿಲ್ಲ ಅಂತ ಊರಲ್ಲೆಲ್ಲ ಏಳ್ಕೊಂಡು ಕುಂತೈತೆ. ಒಸಿ ಬಳೆ ಇರೋದು ಕಳ್ಸಿ.” ಮುಗಿದಷ್ಟು ತುಣುಕು ಕಳಿಸಿದೆ. ಸ್ವಲ್ಪ ಹೊತ್ತಿಗೆ ಅವನಿಂದ ಉತ್ತರ ಬಂತು: ಅವ್ವ ನೋಡ್ತು, ಬಳೆ ಐತೆ ಅಂತು. ನನಗೂ ಅವತ್ತು ಅನ್ನ ಸೇರಿತು.

ಬಲಿತ ಹುಳದ ಆರೈಕೆ ಹೇಳಲು ಎರಡನೇ ಸಲ ಅವರು ಬಂದದ್ದು, ಹುಳ ಕೊನೆಯ ಜ್ವರ ಎದ್ದು ಸೊಪ್ಪನ್ನು ಗಬಗಬ ತಿನ್ನುವ ಹೊತ್ತಿನಲ್ಲಿ. ಹುಳ ಮೇವು ಬಿಟ್ಟು ಪೊರೆ ಕಳಚಲು ಕೂರುವುದಕ್ಕೆ ಜ್ವರ ಎನ್ನುತ್ತಾರೆ. ಆ ದಿನಗಳಲ್ಲಿ ಹುಳದ ಮನೆಯವರಿಗೆ ನಿದ್ದೆಯಿಲ್ಲ. ಬೆಳೆ ಇಳಿದ ಮೇಲೆ ಸೊಸೆಯನ್ನು ತವರಿಗೆ ಕಳಿಸುವುದೆಂದು ಮಾತಾಗಿತ್ತು. ಅದೇ ಸೀರೆ, ಅದೇ ಬಳೆ, ನೆಲದ ಮೇಲೆ ಅದೇ ಟೇಪು. ಅವಳು ಮಾತ್ರ ನಡುನಡುವೆ ಕೂರಲು ಕುರ್ಚಿ ಕೇಳಿದಳು.

“ಅಕ್ಕ, ಲೈಟು ಕಣ್ಗೆ ಚುಚ್ತೈತೆ. ತಲೆ ಸಿಡೀತೈತೆ.”

“ನಿದ್ದಿಲ್ಲ ಕಣವ್ವ, ಇನ್ನೇನು” ಎಂದರು ಅತ್ತೆ. ಮಾಲೀಕರೂ ಹೌದೆಂದರು, ನಾನೂ ಹೌದೆಂದೆ. ಅವಳ ಕಡೆಯ ಲೈಟು ತಗ್ಗಿಸಿದೆ. ಬೆಳಕು ಕಡಿಮೆಯಾದರೆ ಚಿತ್ರದಲ್ಲಿ ಕಾಳು ಕಾಳು ಏಳುತ್ತದೆ, ಕೀ ಅಂಚು ನಡುಗುತ್ತದೆ. ನನ್ನ ಚಿಂತೆಯೆಲ್ಲ ಅದರದ್ದೇ.

ಒಂದು ದಿನ ಬಿಟ್ಟು ಎಡಿಟಿಂಗಿಗೆ ಕೂತವಳು ಒಂದು ಜಾಣತನ ಮಾಡಲು ಹೋದೆ. ಕ್ಯಾಮೆರಾ ಅದೇ ಜಾಗದಲ್ಲಿತ್ತು, ಅವಳೂ ಅದೇ ಟೇಪಿನ ಮೇಲೆ ನಿಂತಿದ್ದಳು. ಹಾಗಾದರೆ ಕೈ ಇಳಿಸಿ ನಿಂತ ಕಡೆಗಳಲ್ಲಾದರೂ ಮೊದಲ ದಿನದ ಮಾಸ್ಕನ್ನೇ ತಂದು ಎರಡನೇ ದಿನದ ಚಿತ್ರಕ್ಕೆ ಅಂಟಿಸಿದರೆ ಅರ್ಧ ಕೆಲಸ ಮುಗಿದ ಹಾಗೆ. ಅಂಟಿಸಿದೆ. ಕೂರಲಿಲ್ಲ. ಮಣಿಕಟ್ಟಿನ ಎರಡೂ ಕಡೆ ಚರ್ಮ ಗೆರೆಯ ಹೊರಗೆ ಉಳಿಯಿತು.

ಕ್ಯಾಮೆರಾ ಸರಿದಿದೆ ಎಂದುಕೊಂಡೆ. ಮೊದಲ ದಿನದ ಚಿತ್ರವನ್ನು ಅರೆಪಾರದರ್ಶಕ ಮಾಡಿ ಎರಡನೇ ದಿನದ ಮೇಲೆ ಹೊದಿಸಿದೆ. ಟೇಪು ಟೇಪಿನ ಮೇಲೆ ಕೂತಿತು. ಭುಜ ಭುಜದ ಮೇಲೆ ಕೂತಿತು. ಕಿವಿಯ ಓಲೆ ಓಲೆಯ ಮೇಲೆ ಕೂತಿತು. ಕೆನ್ನೆ ಕೂರಲಿಲ್ಲ, ಕಣ್ಣಿನ ಕೆಳಗೆ ಕೂರಲಿಲ್ಲ, ಬೆರಳು ಕೂರಲಿಲ್ಲ. ಎರಡನೇ ದಿನದ ಹುಡುಗಿ ಮೊದಲ ದಿನದವಳ ಸುತ್ತ ಒಂದು ಅಂಚು ಉಬ್ಬಿಕೊಂಡಿದ್ದಳು.

ಚಿತ್ರವನ್ನು ದೊಡ್ಡದು ಮಾಡಿದೆ. ಉಂಗುರ ಬೆರಳಿನೊಳಕ್ಕೆ ಹೂತಿತ್ತು. ಅವಳು ಕೈ ಎತ್ತಿದ ಜಾಗಕ್ಕೆ ಹೋದೆ. ಕೈ ಮೇಲೆ ಹೋಯಿತು, ಬಳೆ ಜಾರಲಿಲ್ಲ. ಇನ್ನೊಂದು ಸಲ ಎತ್ತಿದ ಕಡೆ ನೋಡಿದೆ. ಅಲ್ಲೂ ಬಳೆಗಳು ಕಚ್ಚಿಕೊಂಡು ನಿಂತಲ್ಲೇ ನಿಂತಿದ್ದವು.

ನನ್ನ ಎರಡನೇ ಬಸುರಿನಲ್ಲಿ ನಮ್ಮ ಬೀದಿಯ ಆಶಾ ಕಾರ್ಯಕರ್ತೆ ಬಂದಾಗಲೆಲ್ಲ ಕೇಳುತ್ತಿದ್ದ ಮಾತು ಇದೇ: ಉಂಗುರ ಬಿಗಿಯಾಗ್ತಿದೆಯಾ, ಮುಖ ಊದ್ತಿದೆಯಾ, ತಲೆ ನೋವಾ, ಬೆಳಕು ನೋಡಲಾಗ್ತಿಲ್ವಾ. ಇದ್ದರೆ ಒಂದು ಗಳಿಗೆ ಕಾಯಬೇಡ, ಬಿ.ಪಿ. ಏರಿದರೆ ತಾಯಿ ಮಗು ಇಬ್ಬರಿಗೂ ಅಪಾಯ ಎನ್ನುತ್ತಿದ್ದಳು. ತಲೆನೋವು, ಬೆಳಕು ಎರಡನ್ನೂ ಆ ಹುಡುಗಿ ನನ್ನೆದುರೇ ನಿಂತು ಹೇಳಿದ್ದಳು.

ಮಾಲೀಕರನ್ನು ಕರೆದು ತೋರಿಸಿ, ಅವಳ ಮನೆಯವರಿಗೆ ಹೇಳಬೇಕು ಎಂದೆ. ಅವರ ಮುಖ ಬಿಳುಚಿತು. ಆದರೂ ಬೇಡ ಎಂದರು.

“ಮೊದ್ಲೇ ನಮ್ಮ ಟಿವಿ ಅವಳ ಕೈ ತಿಂತು ಅಂತ ಊರೆಲ್ಲ ಹೇಳಿದಾರೆ. ಈಗ ನೀವು ಹೋಗಿ ಇದನ್ನ ಬಾಯಲ್ಲಿ ಆಡಿ, ನಾಳೆ ಏನಾದ್ರೂ ಆದ್ರೆ ನಿಮ್ಮ ಬಾಯಿಂದಲೇ ಆಯ್ತು ಅಂತಾರೆ. ನಾವು ಡಾಕ್ಟ್ರಾ? ಬಸುರೀಲಿ ಒಸಿ ಊದ್ಕೊಳ್ಳೋದು ಇದ್ದದ್ದೇ.”

ಅವರ ಮಾತಿನಲ್ಲಿ ಸುಳ್ಳೇನಿರಲಿಲ್ಲ. ನಾನು ಹೆದರಿದ್ದೂ ಅದಕ್ಕೇ. ತಪ್ಪಾದರೆ ಕೇಡು ಆಡಿದವಳು ನಾನು, ಸರಿಯಾದರೆ ಕೇಡು ತಂದವಳು ನಾನು. ಸುಮ್ಮನಿದ್ದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಮತ್ತೆ ಪರದೆ ನೋಡಿದೆ. ಆ ಮಾಸ್ಕನ್ನು ಅರ್ಧ ಬೆರಳು ಹೊರಕ್ಕೆ ಎಳೆದರೆ ನನ್ನ ಕೆಲಸವೇನೋ ಚೊಕ್ಕಟವಾಗಿ ಮುಗಿಯುತ್ತಿತ್ತು. ಮೌಸಿನ ಮೇಲೆ ಕೈ ಇಟ್ಟೆ, ಎಳೆಯಲಾಗಲಿಲ್ಲ.

ಅವಳ ಗಂಡನಿಗೆ ಫೋನ್ ಮಾಡಿದೆ. ಮತ್ತೆ ಮತ್ತೆ ಮಾಡಿದೆ. ಯಾರೂ ಎತ್ತಲಿಲ್ಲ. ಹುಳ ಹಣ್ಣಾಗಿರಬೇಕು. ಹುಳ ತಿನ್ನುವುದು ಬಿಟ್ಟು ನೂಲು ಬಿಡಲು ತಯಾರಾದಾಗ ಹಣ್ಣಾಯಿತು ಎನ್ನುತ್ತಾರೆ. ಆಗ ಒಂದೊಂದನ್ನೇ ಆರಿಸಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡಬೇಕು. ಮನೆಮಂದಿಯೆಲ್ಲ ಒಳಗಿರುತ್ತಾರೆ, ಫೋನು ಎಲ್ಲೋ ಕೂಗುತ್ತಿರುತ್ತದೆ. ಎರಡು ಚಿತ್ರಗಳನ್ನೂ ಮೊಬೈಲಿಗೆ ಹಾಕಿಕೊಂಡು ಸ್ಕೂಟರ್ ಹತ್ತಿದೆ. ಮಾಲೀಕರು ತಡೆಯಲಿಲ್ಲ, ಬರುತ್ತೇನೆಂದೂ ಅನ್ನಲಿಲ್ಲ.

ಚನ್ನಪಟ್ಟಣ ದಾಟುವವರೆಗೆ ಏನು ಹೇಳಬೇಕೆಂದು ಬಾಯಿಪಾಠ ಮಾಡಿದೆ. ಊರು ಹತ್ತಿರವಾದಂತೆ ಒಂದೊಂದೇ ಮಾತು ಮರೆತುಹೋಯಿತು. ಒಂದು ಕಡೆ ಸ್ಕೂಟರ್ ನಿಲ್ಲಿಸಿ, ತಿರುಗಿಸಿಕೊಂಡು ಹೋಗಿಬಿಡಲೇ ಎಂದು ನಿಜವಾಗಿ ಯೋಚಿಸಿದೆ.

ಅಂಗಳದಲ್ಲಿ ಚಂದ್ರಿಕೆಗಳನ್ನು ಒರಗಿಸಿದ್ದರು. ಬಾಗಿಲಿನಿಂದ ದೂರ ನಿಂತು ಕೂಗಿದೆ. ಅತ್ತೆ ಹೊರಗೆ ಬಂದರು. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದರು.

“ಏನವ್ವ, ತಿರ್ಗಾ ಬಳೆ ವಿಸ್ಯವಾ?”

ಮೊಬೈಲ್ ಮುಂದೆ ಹಿಡಿದೆ. “ಇದು ಅವತ್ತಿನ ಕೈ. ಇದು ಮೊನ್ನೆಯದು. ಎರಡೂ ಒಂದೇ ಅಳತೆ. ನೋಡಿ ಅಮ್ಮ, ಬಳೆ ಆಡ್ತಿಲ್ಲ” ಎಂದೆ. ಉಳಿದದ್ದನ್ನು ತೊದಲುತ್ತ ಹೇಳಿ ಮುಗಿಸಿದೆ. ಬೈಗುಳಕ್ಕೆ ತಯಾರಾಗಿ ನಿಂತೆ.

ಅವರು ಬೈಯಲಿಲ್ಲ. ಮೊಬೈಲನ್ನು ಕಣ್ಣಿನ ಹತ್ತಿರಕ್ಕೆ ತಂದು ನೋಡಿದರು. ಒಳಕ್ಕೆ ತಿರುಗಿ ಸೊಸೆಯನ್ನು ಕರೆದರು. ಅವಳು ಬಿಸಿಲಿಗೆ ಬಂದದ್ದೇ ಕಣ್ಣು ಮುಚ್ಚಿಕೊಂಡಳು. ಅತ್ತೆ ಅವಳ ಮುಂಗೈ ಹಿಡಿದು ಬಳೆಗಳನ್ನು ಮೇಲಕ್ಕೆ ತಳ್ಳಿದರು. ಒಂದೂ ಕದಲಲಿಲ್ಲ. ಹೆಬ್ಬೆರಳು ತೆಗೆದಾಗ ಒತ್ತಿದ ಜಾಗ ಗುಳಿಯಾಗಿ ಹಾಗೇ ಉಳಿಯಿತು.

“ಕಣ್ಣು ಮಂಜಾಯ್ತೈತಾ?”

“ಮೊನ್ನೆಯಿಂದ. ಹುಳ ಚಂದ್ರಿಕೆಗೆ ಹತ್ಲಿ ಅಂತ ಸುಮ್ಕಿದ್ದೆ.”

ಗಂಡ ಬಾಗಿಲಿಗೆ ಬಂದಿದ್ದ. ಅಂಗೈ ತುಂಬ ಹಣ್ಣುಹುಳ. “ಅವ್ವ, ಈಗ ಕೈ ಬುಟ್ರೆ ಎಲ್ಲಾ ತಟ್ಟೇಲೇ ನೂಲು ಬುಡ್ತವೆ. ಇನ್ನೊಸಿ ಐತೆ. ಸಂಜೀಕೆ ಕರ್ಕೊಂಡೋದ್ರಾಯ್ತದೆ.”

“ಬುಡ್ಲಿ” ಎಂದರು ಅತ್ತೆ. “ಕಾರು ಕರೀಲಾ.”

ಕಾರಿನಲ್ಲಿ ನಮ್ಮಿಬ್ಬರ ನಡುವೆ ಅವಳನ್ನು ಕೂರಿಸಿಕೊಂಡೆವು. ಗಂಡ ನೆರೆಯವರನ್ನು ಕರೆದು ಹುಳ ಒಪ್ಪಿಸಿ ಬರುವುದೆಂದಾಯಿತು. ಆಸ್ಪತ್ರೆಯಲ್ಲಿ ನರ್ಸು ಬಿ.ಪಿ. ನೋಡಿದಳು, ಪಟ್ಟಿ ಬಿಚ್ಚಿ ಇನ್ನೊಂದು ತೋಳಿಗೆ ಕಟ್ಟಿ ಮತ್ತೆ ನೋಡಿದಳು, ಡಾಕ್ಟರನ್ನು ಕರೆಯಲು ಓಡಿದಳು. ನನ್ನ ಊಹೆ ಸುಳ್ಳಾಗಲಿ ಎಂದು ನಾನು ಎಷ್ಟು ಬೇಡಿಕೊಂಡಿದ್ದೆನೆಂದು ಆಗಲೇ ತಿಳಿದದ್ದು. ಹೋದ ತಪಾಸಣೆಗೆ ಯಾಕೆ ಬರಲಿಲ್ಲ ಎಂದು ಡಾಕ್ಟರ್ ಕೇಳಿದರು. ಹುಳ ಜ್ವರಕ್ಕೆ ಕೂತಿದ್ದವು ಎಂದು ಹುಡುಗಿ ಮೆಲ್ಲಗೆ ಹೇಳಿದಳು.

ಡ್ರಿಪ್ ಹಾಕಲು ಕೈ ಬೇಕಿತ್ತು. ಬಳೆ ಕತ್ತರಿಸಲು ನರ್ಸು ಏನನ್ನೋ ತಂದಳು. “ಬ್ಯಾಡ, ನಾನೇ ತಗೀತೀನಿ” ಎಂದು ಅತ್ತೆ ಒದ್ದೆ ಬಟ್ಟೆ ಸುತ್ತಿ, ಗಾಜು ಚರ್ಮಕ್ಕೆ ತಾಗದ ಹಾಗೆ ಒಂದೊಂದನ್ನೇ ಅಂಗೈಯಲ್ಲಿ ಒತ್ತಿ ಒಡೆದರು. ಪ್ರತಿ ಸಲವೂ ಬಟ್ಟೆಯೊಳಗಿಂದ ಸಣ್ಣ ಸದ್ದು ಬರುತ್ತಿತ್ತು. ಸೊಸೆ ಬೇರೆ ಕಡೆ ಮುಖ ತಿರುಗಿಸಿ ಮಲಗಿದ್ದಳು. ನಾನು ಕಣ್ಣು ಮುಚ್ಚಿಕೊಂಡಿದ್ದೆ.

ಮಗುವನ್ನು ಈಗಲೇ ತೆಗೆಯಬೇಕು ಎಂದರು. ಅವಳನ್ನು ತಳ್ಳಿಕೊಂಡು ಹೋದ ಮೇಲೆ ನಾವಿಬ್ಬರೂ ಬೆಂಚಿನ ಮೇಲೆ ಕೂತೆವು. ಹೊತ್ತು ಸರಿಯಲೇ ಇಲ್ಲ. ಗಂಡ ಬಂದು ಅವ್ವನ ಕಿವಿಯಲ್ಲಿ ಏನೋ ಹೇಳಿದ. ನೆರೆಯವರು ಬರುವಷ್ಟರಲ್ಲಿ ಅರ್ಧಕ್ಕರ್ಧ ಹುಳ ತಟ್ಟೆಯಲ್ಲೇ ಒಂದಕ್ಕೊಂದು ಸುತ್ತಿಕೊಂಡು ಹಾಳಾಗಿದ್ದವಂತೆ. ಅತ್ತೆ ತಲೆಯಾಡಿಸಿದರು. ಆಮೇಲೆ ನನ್ನ ಕಡೆ ತಿರುಗಿದರು.

“ಸಾವ್ರ ಹುಳದಾಗೆ ಒಂದು ಮಂಕಾದ್ರೆ ಗೊತ್ತಾಯ್ತದೆ ನಂಗೆ. ದಿನಾ ಎದ್ರಿಗೆ ಕೂತು ಉಣ್ತಿದ್ಲು. ಯಾಕವ್ವ ಕಾಣ್ಲಿಲ್ಲ?”

“ನನ್ನೆದುರು ನಿಂತಾಗ ನನಗೂ ಕಾಣಲಿಲ್ಲ ಅಮ್ಮ” ಎಂದೆ.

ನರ್ಸು ಹೊರಬಂದು, ಹೆಣ್ಣು ಮಗು, ತುಂಬ ಚಿಕ್ಕದು, ಉಸಿರಾಡುತ್ತಿದೆ, ಕಾವಿನ ಪೆಟ್ಟಿಗೆಯಲ್ಲಿ ಇಟ್ಟಿದ್ದೇವೆ ಎಂದಳು. ತಾಯಿಗೆ ಎಚ್ಚರವಾಗಲು ಇನ್ನೂ ಹೊತ್ತು ಬೇಕು ಎಂದಳು. ಆ ಹೊತ್ತೂ ಕಳೆಯಿತು. ಒಳಗೆ ಬನ್ನಿ ಎಂದಾಗ ಅತ್ತೆ ಏಳಲಿಲ್ಲ.

“ನೀವು ಒಸಿ ಮುಂದೆ ನಡೀರವ್ವ. ನಂಗೆ ಭಯ ಆಯ್ತೈತೆ.”

ಜೀವಮಾನದಲ್ಲಿ ನನ್ನನ್ನು ಮುಂದೆ ನಡೆ ಎಂದು ಕೇಳಿದವರು ಅವರೊಬ್ಬರೇ. ನಾನು ಮುಂದೆ ನಡೆದೆ. ಅವರು ನನ್ನ ಸೆರಗಿನ ತುದಿ ಹಿಡಿದುಕೊಂಡು ಹಿಂದೆ ಬಂದರು.

ಹುಡುಗಿ ಕಣ್ಣು ತೆರೆದು ಮಲಗಿದ್ದಳು. ಬೋಳು ಕೈಗಳನ್ನು ಹೊದಿಕೆಯ ಮೇಲೆ ಇಟ್ಟುಕೊಂಡಿದ್ದಳು. ನಮ್ಮಿಬ್ಬರ ಮುಖವನ್ನೂ ನೋಡಿದಳು. ತುಟಿ ಅಲ್ಲಾಡಿತು, ನಿಂತಿತು. ಹೊಟ್ಟೆಯ ಕಡೆ ಕೈ ಒಯ್ದವಳು ಅರ್ಧದಲ್ಲೇ ಹಿಂದಕ್ಕೆ ತಂದಳು.

“ಅತ್ತೆ, ಹುಳ ಏನಾದ್ವು?”

ಕೇಳಬೇಕಾದ್ದನ್ನು ಕೇಳಲು ಅವಳಿಗೆ ಧೈರ್ಯವಿರಲಿಲ್ಲ. ಅದು ನನಗೂ ತಿಳಿಯಿತು, ಅತ್ತೆಗೂ ತಿಳಿಯಿತು. ಅವರು ಹತ್ತಿರ ಹೋಗಿ ಅವಳ ಹಣೆಯ ಮೇಲೆ ಕೈ ಇಟ್ಟರು.

“ಹುಳ ಹೋದ್ವು ಕಣವ್ವ. ಮಗು ಐತೆ.”